ಕಾಡು ಆಲೂಗಡ್ಡೆಯ ಎಲೆತುಂಡು ಚಿಗುರಬೇಕು

ನೆದರ್ಲೆಂಡ್ಸ್‌ನ 'ಬಿಯೋನಿಕಾ' ಮತ್ತು 'ಟೊಲುಕಾ' ಎಂಬ ಎರಡು ಆಲೂಗಡ್ಡೆ ತಳಿಗಳ ಹಿಂದೆ ಸುಮಾರು 46 ವರ್ಷಗಳ ದುಡಿಮೆಯಿದೆ. ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನಕ್ಕಿಂತಲೂ ದೀರ್ಘವಾದ ಈ ಅವಧಿ ಕಳೆದದ್ದು ಒಂದೇ ಒಂದು ಜೀನಿಗಾಗಿ. ಅಂಗಮಾರಿ ರೋಗವನ್ನು ತಡೆಯುವ ಆ ಜೀನ್ ಇದ್ದದ್ದು ಮೆಕ್ಸಿಕೊದಲ್ಲಿ ತಾನಾಗಿ ಬೆಳೆಯುವ ಸೊಲೇನಮ್ ಬಲ್ಬೊಕ್ಯಾಸ್ಟೇನಮ್ ಎಂಬ ಕಾಡುಗಿಡದಲ್ಲಿ. ಹೊಲದ ಆಲೂಗಡ್ಡೆಗೂ ಅದಕ್ಕೂ ನೇರವಾಗಿ ಸಂಕರವಾಗುವುದಿಲ್ಲ. ಆದ್ದರಿಂದ ಮೊದಲು ಅದನ್ನು ಅಕೌಲೆ ಎಂಬ ಇನ್ನೊಂದು ಕಾಡುಜಾತಿಯೊಂದಿಗೆ ಕೂಡಿಸಿದರು. ಹುಟ್ಟಿದ ಬರಡು ಸಸಿಯ ವರ್ಣತಂತುಗಳನ್ನು ಕಾಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ಇಮ್ಮಡಿಗೊಳಿಸಿದರು. ಅದನ್ನು ಆಂಡೀಸ್‌ನ ಫ್ಯುರೇಜ ಆಲೂಗಡ್ಡೆಯೊಂದಿಗೆ, ಅದರ ಸಂತತಿಯನ್ನು ಹೊಲದ ಆಲೂಗಡ್ಡೆಯೊಂದಿಗೆ ಸಂಕರಿಸಿದರು. ಆಮೇಲೆ ಕಾಡಿನ ಅನಗತ್ಯ ಗುಣಗಳನ್ನೆಲ್ಲ ಸೋಸಿ ತೆಗೆಯಲು ಹೊಲದ ಆಲೂಗಡ್ಡೆಯೊಂದಿಗೇ ಮತ್ತೆ ಮತ್ತೆ ಕೂಡಿಸುವ ಹಿಮ್ಮುಖ ಸಂಕರಣ ನಡೆಸಿದರು.

ಈ 46 ವರ್ಷಗಳನ್ನು ಕಡಿಮೆ ಮಾಡುವ ದಾರಿಗಳು ಈಗ ಇವೆ. ಕೋಶಗಳನ್ನು ಬೆಸೆಯಬಹುದು, ಬೇಕಾದ ಜೀನನ್ನಷ್ಟೇ ಸಾಗಿಸಬಹುದು, ಇರುವ ಜೀನನ್ನೇ ತಿದ್ದಬಹುದು. ಇವುಗಳ ಬಗ್ಗೆ ಬರುವ ಸುದ್ದಿಗಳಲ್ಲಿ ಒಂದು ಮಾತು ಮಾತ್ರ ಹೆಚ್ಚಾಗಿ ಮರೆಯಾಗುತ್ತದೆ. ಈ ಎಲ್ಲ ದಾರಿಗಳೂ ಹೋಗಿ ಸೇರುವುದು ಒಂದೇ ಕಿರಿದಾದ ಬಾಗಿಲಿಗೆ: ಗಾಜಿನ ಬಾಟಲಿಯೊಳಗಿನ ಒಂದು ಕೋಶ ಅಥವಾ ಒಂದು ಎಲೆತುಂಡು ಮತ್ತೆ ಬೇರು, ಕಾಂಡ, ಎಲೆ ತಳೆದು ಪೂರ್ಣ ಗಿಡವಾಗಬೇಕು. ಅಂಗಾಂಶ ಕೃಷಿಯ ಭಾಷೆಯಲ್ಲಿ ಇದು ಪುನರುತ್ಪಾದನೆ. ಅದು ಆಗದಿದ್ದರೆ ಉಳಿದ ಜಾಣ್ಮೆಯೆಲ್ಲ ಬಾಟಲಿಯಲ್ಲೇ ಕೊಳೆಯುತ್ತದೆ. ಕಾಡು ಆಲೂಗಡ್ಡೆಗಳಲ್ಲಿ ಅದು ಇಂದಿಗೂ ಬಗೆಹರಿಯದ ಸಮಸ್ಯೆ. ಬಗೆಹರಿದಿದೆ ಎಂದು ಭಾವಿಸಿ ಮುಂದಕ್ಕೆ ಹೋಗುತ್ತಿರುವುದೇ ನನ್ನ ಆತಂಕ.

ಹೊಲದ ಆಲೂಗಡ್ಡೆಗೆ ಕಾಡಿನ ನೆಂಟರ ಹಂಗು ಏಕೆ ಎಂಬುದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. 1845ರಲ್ಲಿ ಐರ್ಲೆಂಡಿಗೆ ಬಂದ ಅಂಗಮಾರಿ, 'ಲಂಪರ್' ಎಂಬ ಒಂದೇ ತಳಿಯನ್ನು ನೆಚ್ಚಿಕೊಂಡಿದ್ದ ಹೊಲಗಳನ್ನು ಕೆಲವೇ ವಾರಗಳಲ್ಲಿ ಕರಗಿಸಿಬಿಟ್ಟಿತು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆಲೂಗಡ್ಡೆಯನ್ನು ಬೀಜದಿಂದಲ್ಲ, ಗೆಡ್ಡೆಯಿಂದಲೇ ಬೆಳೆಯುವುದರಿಂದ ಒಂದು ತಳಿಯ ಗಿಡಗಳೆಲ್ಲ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತದೆ. ಅಂಗಮಾರಿಗೆ ಕಾರಣವಾದ ಫೈಟೊಫ್ತೊರಾ ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರವಲ್ಲ, ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಅದು ಬೇಗ ಬದಲಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸೊಲೇನಮ್ ಡೆಮಿಸಮ್ ಎಂಬ ಕಾಡುಜಾತಿಯಿಂದ ತಂದ ನಿರೋಧಕ ಜೀನ್‌ಗಳನ್ನು ಅದು ಒಂದೊಂದಾಗಿ ಮುರಿಯಿತು. ಹೊಸ ಜೀನ್‌ಗಳು ಬೇಕು, ಅವುಗಳನ್ನು ಬಿಡಿಬಿಡಿಯಾಗಿ ಅಲ್ಲ, ಎರಡು ಮೂರನ್ನು ಒಟ್ಟಿಗೆ ಪೇರಿಸಿ ಕೊಡಬೇಕು ಎಂಬುದು ಅಲ್ಲಿಂದ ಕಲಿತ ಪಾಠ.

ಆ ಜೀನ್‌ಗಳ ಕಣಜ ಎಲ್ಲಿದೆ? ಅಮೆರಿಕದ ನೈಋತ್ಯ ರಾಜ್ಯಗಳಿಂದ ಹಿಡಿದು ಅರ್ಜೆಂಟೀನ, ಚಿಲಿಗಳವರೆಗೆ ಹರಡಿರುವ, ಗೆಡ್ಡೆ ಕಟ್ಟುವ ನೂರಕ್ಕೂ ಹೆಚ್ಚು ಕಾಡುಜಾತಿಗಳಲ್ಲಿ. ಉರುಗ್ವೆ, ಅರ್ಜೆಂಟೀನಗಳಲ್ಲಿ ಬೆಳೆಯುವ ಸೊಲೇನಮ್ ಕೊಮರ್ಸೋನಿ ಚಳಿಗೆ ಒಗ್ಗಿಕೊಂಡರೆ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗಿನ ಹಿಮವನ್ನು ತಾಳಿಕೊಳ್ಳುತ್ತದೆ. ಹೊಲದ ಆಲೂಗಡ್ಡೆ ಮೂರು ಡಿಗ್ರಿ ಕೆಳಗಿಳಿಯುವಷ್ಟರಲ್ಲೇ ಕಪ್ಪಾಗಿ ಬೀಳುತ್ತದೆ. ಸೊಲೇನಮ್ ಚಾಕೊಯೆನ್ಸ್‌ನ ಕೆಲವು ಗಿಡಗಳ ಎಲೆಗಳಲ್ಲಿ ಲೆಪ್ಟಿನ್ ಎಂಬ ವಸ್ತುವಿದೆ, ಕೊಲರಾಡೊ ಜೀರುಂಡೆ ಅದನ್ನು ತಿನ್ನಲೊಲ್ಲದು. ಬರ್ತೌಲ್ಟಿಯ ಎಲೆಗಳ ಮೇಲಿನ ಅಂಟುರೋಮಗಳಿಗೆ ಸಸ್ಯಹೇನುಗಳು ಸಿಕ್ಕಿಬೀಳುತ್ತವೆ. ವೆರ್ನೈ ಬೇರಿಗೆ ಹತ್ತುವ ಜಂತುಹುಳುವನ್ನು ತಡೆಯುತ್ತದೆ. ಗೆಡ್ಡೆಯನ್ನೇ ಕಟ್ಟದ ಎಟ್ಯೂಬರೋಸಮ್ ಎಂಬ ದೂರದ ಬಂಧು ವೈರಸ್‌ಗಳಿಗೆ ಬಗ್ಗುವುದಿಲ್ಲ.

ಇವುಗಳಲ್ಲಿ ಹಲವು ಹೊಲದ ಆಲೂಗಡ್ಡೆಯೊಂದಿಗೆ ಏಕೆ ಸೇರುವುದಿಲ್ಲ ಎಂಬುದಕ್ಕೆ ಒಂದು ಸೊಗಸಾದ ಲೆಕ್ಕವಿದೆ. ಬೀಜದೊಳಗೆ ಭ್ರೂಣದ ಜೊತೆಗೆ ಅದಕ್ಕೆ ಉಣಿಸುವ ಭ್ರೂಣಾಹಾರವೂ ಬೆಳೆಯಬೇಕು. ಅದು ಸರಿಯಾಗಿ ಬೆಳೆಯಲು ತಾಯಿಯ ಪಾಲು ಎರಡು, ತಂದೆಯ ಪಾಲು ಒಂದು ಇರಬೇಕು. ಇದು ವರ್ಣತಂತುಗಳ ಬರಿಯ ಎಣಿಕೆಯಲ್ಲ, ಪ್ರತಿ ಜಾತಿಗೂ ಅದರದೇ ಒಂದು 'ಸಮತೋಲನ ಸಂಖ್ಯೆ' ಇದೆ ಎಂದು 1980ರಲ್ಲಿ ವಿಜ್ಞಾನಿಗಳು ವಿವರಿಸಿದರು. 48 ವರ್ಣತಂತುಗಳ ಹೊಲದ ಆಲೂಗಡ್ಡೆಯ ಸಂಖ್ಯೆ 4. 24 ವರ್ಣತಂತುಗಳ ಬಹುಪಾಲು ಕಾಡುಜಾತಿಗಳದು 2. ಆದರೆ ಬಲ್ಬೊಕ್ಯಾಸ್ಟೇನಮ್, ಕೊಮರ್ಸೋನಿಯಂಥವುಗಳದು 1 ಮಾತ್ರ. ಸಂಖ್ಯೆ ಹೊಂದದಿದ್ದರೆ ಪರಾಗ ಬಿದ್ದರೂ, ಫಲ ಕಟ್ಟಿದರೂ, ಒಳಗಿನ ಭ್ರೂಣ ಹಸಿವಿನಿಂದ ಸಾಯುತ್ತದೆ. ಅತ್ಯಂತ ಬೆಲೆಬಾಳುವ ಗುಣಗಳಲ್ಲಿ ಹಲವು ಸಂಖ್ಯೆ 1 ಇರುವ ಈ ಜಾತಿಗಳ ಬಳಿಯೇ ಇವೆ.

ಹೂವಿನ ದಾರಿ ಮುಚ್ಚಿದಾಗ ಎಲೆಯ ದಾರಿ ಹಿಡಿಯಬೇಕಾಯಿತು. ಎಲೆಯ ಚೂರುಗಳನ್ನು ಕಿಣ್ವಗಳ ದ್ರಾವಣದಲ್ಲಿ ನೆನೆಸಿದರೆ ಕೋಶಗಳ ಹೊರಗೋಡೆ ಕರಗಿ, ತೆಳುಪೊರೆಯ ದುಂಡನೆಯ ಗುಳ್ಳೆಗಳಂಥ ಬೆತ್ತಲೆ ಕೋಶಗಳು ಉಳಿಯುತ್ತವೆ. ಇವೇ ಪ್ರೊಟೊಪ್ಲಾಸ್ಟ್‌ಗಳು. ಎರಡು ಜಾತಿಗಳ ಪ್ರೊಟೊಪ್ಲಾಸ್ಟ್‌ಗಳನ್ನು ರಾಸಾಯನಿಕದಿಂದಲೋ ವಿದ್ಯುತ್ತಿನ ಮಿಡಿತದಿಂದಲೋ ಬೆಸೆಯಬಹುದು. 1978ರಲ್ಲಿ ಜರ್ಮನಿಯಲ್ಲಿ ಗೇಯೊರ್ಗ್ ಮೆಲ್ಷರ್ಸ್ ಅವರ ತಂಡ ಆಲೂಗಡ್ಡೆಯನ್ನೂ ಟೊಮ್ಯಾಟೊವನ್ನೂ ಹೀಗೆ ಬೆಸೆದಾಗ ಜಗತ್ತು ಬೆರಗಾಯಿತು. ಆ ಗಿಡದಿಂದ ಬೆಳೆಯೇನೂ ಬರಲಿಲ್ಲ. ಸದ್ದಿಲ್ಲದೆ ಫಲ ಕೊಟ್ಟದ್ದು ಹತ್ತಿರದ ಬಂಧುಗಳ ಬೆಸುಗೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಲ್ಬೊಕ್ಯಾಸ್ಟೇನಮ್ ಮತ್ತು ಹೊಲದ ಆಲೂಗಡ್ಡೆಯ ಕೋಶಗಳನ್ನು ಬೆಸೆದು ಪಡೆದ ಗಿಡಗಳು ಅಂಗಮಾರಿಯ ಮುಂದೆ ಹಸುರಾಗಿ ನಿಂತವು. ಆ ಕಾಡುಗಿಡದ ನಿರೋಧಕ ಜೀನೊಂದನ್ನು 2003ರಲ್ಲಿ ಬೇರ್ಪಡಿಸಿದ ಎರಡು ತಂಡಗಳಲ್ಲಿ ಒಂದು ಅಲ್ಲಿಯದೇ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯೂ ಪಿನ್ನಾಟಿಸೆಕ್ಟಮ್, ಎಟ್ಯೂಬರೋಸಮ್ ಮೊದಲಾದವುಗಳೊಂದಿಗೆ ಇಂಥ ಬೆಸುಗೆಯ ಗಿಡಗಳನ್ನು ಪಡೆದಿದೆ.

ಬೆಸುಗೆ ಕೆಲವೇ ನಿಮಿಷಗಳ ಕೆಲಸ. ನಿಜವಾದ ಕಷ್ಟ ಅದರ ನಂತರದ್ದು. ಬೆತ್ತಲೆ ಕೋಶ ಮತ್ತೆ ಗೋಡೆ ಕಟ್ಟಿಕೊಳ್ಳಬೇಕು, ವಿಭಜನೆಯಾಗಬೇಕು, ಕ್ಯಾಲಸ್ ಎಂಬ ರೂಪವಿಲ್ಲದ ಮುದ್ದೆಯಾಗಬೇಕು, ಆ ಮುದ್ದೆಯ ಮೇಲೆ ಎಲ್ಲೋ ಒಂದು ಹಸುರು ಚುಕ್ಕೆ ಮೂಡಿ ಚಿಗುರಾಗಬೇಕು.

ಪ್ರತಿಯೊಂದು ಸಸ್ಯಕೋಶದಲ್ಲೂ ಇಡೀ ಗಿಡವಾಗುವ ಶಕ್ತಿ ಇದ್ದೀತು ಎಂದು ಗಾಟ್‌ಲೀಬ್ ಹಾಬರ್‌ಲಾಂಟ್ 1902ರಲ್ಲಿಯೇ ಹೇಳಿದ್ದರು. ಆ ಶಕ್ತಿಯನ್ನು ಎಬ್ಬಿಸುವ ಕೀಲಿ ಸಿಕ್ಕದ್ದು 1957ರಲ್ಲಿ, ಸ್ಕೂಗ್ ಮತ್ತು ಮಿಲ್ಲರ್ ಅವರಿಗೆ. ಆಕ್ಸಿನ್ ಮತ್ತು ಸೈಟೊಕೈನಿನ್ ಎಂಬ ಎರಡು ಸಸ್ಯ ಹಾರ್ಮೋನುಗಳಲ್ಲಿ ಮೊದಲನೆಯದು ಹೆಚ್ಚಿದರೆ ಬೇರು, ಎರಡನೆಯದು ಹೆಚ್ಚಿದರೆ ಚಿಗುರು, ಎರಡೂ ಸರಿಸಮನಾದರೆ ಮುದ್ದೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿಗಾಗಿ ರೂಪಿಸಿದ ಪೋಷಕ ಮಾಧ್ಯಮವನ್ನೇ ಇಂದಿಗೂ ಆಲೂಗಡ್ಡೆಗೆ ಬಳಸುತ್ತಾರೆ. ಆಲೂಗಡ್ಡೆಯಲ್ಲಿ ಕೆಲಸ ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎಲೆ ಅಥವಾ ಕಾಂಡದ ತುಂಡನ್ನು ಆಕ್ಸಿನ್ ಇರುವ ಮಾಧ್ಯಮದ ಮೇಲಿಟ್ಟು ಗಾಯದ ಅಂಚಿನಲ್ಲಿ ಮುದ್ದೆ ಬರಿಸುತ್ತಾರೆ. ಆಮೇಲೆ ಝಿಯಾಟಿನ್ ಎಂಬ ಸೈಟೊಕೈನಿನ್, ಜೊತೆಗೆ ಒಂದಿಷ್ಟು ಜಿಬ್ಬರೆಲಿಕ್ ಆಮ್ಲ ಇರುವ ಮಾಧ್ಯಮಕ್ಕೆ ದಾಟಿಸುತ್ತಾರೆ. ಎಲ್ಲವೂ ಸರಿಹೋದರೆ ಕೆಲವು ವಾರಗಳಲ್ಲಿ ಚಿಗುರು. ಆ ಚಿಗುರನ್ನು ಕತ್ತರಿಸಿ ಹಾರ್ಮೋನು ಇಲ್ಲದ ಮಾಧ್ಯಮಕ್ಕೆ ಹಾಕಿದರೆ ಬೇರು ತಾನಾಗಿ ಬರುತ್ತದೆ.

'ಡಿಸೈರೀ' ಎಂಬ ತಳಿಯಲ್ಲಿ ಎಲ್ಲವೂ ಸರಿಹೋಗುತ್ತದೆ. ಪ್ರಯೋಗಾಲಯಗಳು ಅದನ್ನೇ ಮೆಚ್ಚಿಕೊಂಡಿರುವುದು ಅದಕ್ಕಾಗಿಯೇ. ಅದೇ ಮಾಧ್ಯಮ, ಅದೇ ಬೆಳಕು, ಅದೇ ಕೈಗಳಿದ್ದರೂ ಕಾಡುಜಾತಿಯ ಎಲೆತುಂಡು ಬೇರೆಯದೇ ರೀತಿಯಲ್ಲಿ ವರ್ತಿಸುತ್ತದೆ. ಒಂದು ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ಇನ್ನೊಂದು ಮುದ್ದೆಯಾಗಿ ಉಬ್ಬುತ್ತಲೇ ಇರುತ್ತದೆ, ಚಿಗುರುವುದಿಲ್ಲ. ಮತ್ತೊಂದು ಬೇರುಗಳನ್ನಷ್ಟೇ ಬಿಡುತ್ತದೆ. ಮುಚ್ಚಿದ ಬಾಟಲಿಯಲ್ಲಿ ಗಾಯಗೊಂಡ ಅಂಗಾಂಶ ಹೊರಬಿಡುವ ಎಥಿಲೀನ್ ಅನಿಲವೂ ಅಡ್ಡಿಯಾಗುತ್ತದೆ. ಅದರ ಪರಿಣಾಮವನ್ನು ತಡೆಯಲು ಬೆಳ್ಳಿಯ ಲವಣ ಬೆರೆಸುತ್ತಾರೆ. ತಾಯಿಗಿಡ ಎಷ್ಟು ವಾರಗಳದು, ತುಂಡನ್ನು ಯಾವ ಎಲೆಯಿಂದ ತೆಗೆದದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೊರಗಿನವರಿಗೆ ಇದು ಅಡುಗೆಯ ಹದದಂತೆ ಕಾಣಬಹುದು. ಆದರೆ ಕೋಶದೊಳಗೆ ನಡೆಯುತ್ತಿರುವುದು ಗಂಭೀರವಾದ ಮಾತುಕತೆ: ಗಾಯದ ಸಂಕೇತವನ್ನು ಕೇಳಿಸಿಕೊಳ್ಳುವ, ಹಳೆಯ ಗುರುತನ್ನು ಮರೆತು ಹೊಸ ಗುರುತನ್ನು ಪಡೆಯುವ ಸಾಮರ್ಥ್ಯ ಆ ಗಿಡದ ವಂಶವಾಹಿಗಳಲ್ಲಿಯೇ ಹೆಚ್ಚು ಕಡಿಮೆ ಆಗಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಒಂದು ಪ್ರಬಂಧದಲ್ಲಿ 'ಇಂಥ ಕಾಡುಜಾತಿಯ ಪುನರುತ್ಪಾದನಾ ವಿಧಾನ' ಎಂದು ಬಂದರೆ ಓದುಗರು ಆ ಜಾತಿಯ ಸಮಸ್ಯೆ ಮುಗಿಯಿತು ಎಂದುಕೊಳ್ಳುತ್ತಾರೆ. ಹೊಲದ ತಳಿಯ ವಿಷಯದಲ್ಲಿ ಆ ಮಾತಿಗೆ ಅರ್ಥವಿದೆ, ಏಕೆಂದರೆ ತಳಿ ಎಂದರೆ ಒಂದೇ ಗಿಡದ ಪಡಿಯಚ್ಚು. 24 ವರ್ಣತಂತುಗಳ ಕಾಡುಜಾತಿಗಳು ಬಹುಪಾಲು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ, ಪಕ್ಕದ ಗಿಡದ ಪರಾಗವೇ ಬೇಕು. ಜೀನ್ ಬ್ಯಾಂಕುಗಳಲ್ಲಿ ಅವು ಬೀಜಗಳಾಗಿ ಉಳಿದಿರುತ್ತವೆ. ಒಂದು ಪೊಟ್ಟಣದ ನೂರು ಬೀಜಗಳು ನೂರು ಬೇರೆ ಬೇರೆ ಗಿಡಗಳು. ಒಂದರ ಎಲೆ ಚಿಗುರಿದರೆ ಪಕ್ಕದ್ದರ ಎಲೆ ಚಿಗುರುತ್ತದೆಂಬ ಭರವಸೆಯಿಲ್ಲ. ಅಂಗಮಾರಿಗೆ ಬಗ್ಗದ ಗಿಡವೇ ಬಾಟಲಿಯಲ್ಲಿ ಚಿಗುರದ ಗಿಡವೂ ಆಗಿರಬಹುದು. ಆಗ ಸಂಶೋಧಕರು ಚಿಗುರುವ ಗಿಡದ ಕಡೆಗೆ ಸರಿಯುತ್ತಾರೆ. ಬೇಕಾದ ಗುಣವನ್ನು ಬಿಟ್ಟು ಒಲಿದ ಗಿಡವನ್ನು ಆರಿಸುವ ಈ ಜಾರುವಿಕೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ನಷ್ಟ ಇದೇ.

ಚಿಗುರಿದ ಗಿಡವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1977ರಲ್ಲಿ ಜೇಮ್ಸ್ ಶೆಪರ್ಡ್ ಮತ್ತು ಸಂಗಡಿಗರು ರಸೆಟ್ ಬರ್ಬ್ಯಾಂಕ್ ತಳಿಯ ಪ್ರೊಟೊಪ್ಲಾಸ್ಟ್‌ಗಳಿಂದ ಗಿಡಗಳನ್ನು ಪಡೆದರು. ಒಂದೇ ತಳಿಯ ಎಲೆಗಳಿಂದ ಬಂದ ಆ ಗಿಡಗಳು ಎತ್ತರದಲ್ಲಿ, ಗೆಡ್ಡೆಯ ಆಕಾರದಲ್ಲಿ, ರೋಗ ತಡೆಯುವ ಶಕ್ತಿಯಲ್ಲಿ ಒಂದಕ್ಕೊಂದು ಬೇರೆಯಾಗಿದ್ದವು. ಇದರಿಂದಲೇ ಹೊಸ ತಳಿಗಳು ಸಿಗಬಹುದೆಂದು ಆಗ ಬಹಳ ಉತ್ಸಾಹವಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರೊಟೊಪ್ಲಾಸ್ಟ್‌ನಿಂದ ಬಂದ ಆಲೂಗಡ್ಡೆ ಗಿಡಗಳ ಪೂರ್ಣ ಜೀನೋಮ್ ಓದಿ ನೋಡಿತು. ವರ್ಣತಂತುಗಳು ಇಡಿಯಾಗಿ ಹೆಚ್ಚು ಕಡಿಮೆಯಾಗಿದ್ದವು, ಕೆಲವು ಕಡೆ ತುಂಡುಗಳೇ ಕಾಣೆಯಾಗಿದ್ದವು. ಕಾಂಡದ ತುಂಡುಗಳಿಂದ ಮಾಮೂಲಿಯಾಗಿ ಬೆಳೆಸಿದ ಗಿಡಗಳಲ್ಲಿ ಇಂಥ ಅಸ್ಥಿರತೆ ಕಾಣಲಿಲ್ಲ. ಮುದ್ದೆಯ ಹಂತದಲ್ಲಿ ಕೋಶ ಹೆಚ್ಚು ದಿನ ಕಳೆದಷ್ಟೂ ಈ ಅಪಾಯ ಹೆಚ್ಚು.

ಆದರೂ ಈ ಏರುಪೇರಿನಲ್ಲಿ ಒಂದು ಉಪಕಾರವೂ ಅಡಗಿದೆ. ಆಲೂಗಡ್ಡೆಯ ಎಲೆಯಲ್ಲಿ ಕೆಲವು ಕೋಶಗಳು ವಿಭಜನೆಯಾಗದೆಯೇ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಂಡಿರುತ್ತವೆ. ಆದ್ದರಿಂದ 24 ವರ್ಣತಂತುಗಳ ಕಾಡುಗಿಡದ ಎಲೆಯಿಂದ ಹುಟ್ಟುವ ಕೆಲವು ಚಿಗುರುಗಳಲ್ಲಿ 48 ಇರುತ್ತವೆ. ಮೇಲೆ ಹೇಳಿದ ಲೆಕ್ಕವನ್ನು ನೆನೆಯಿರಿ: ಕೊಮರ್ಸೋನಿಯ ಸಮತೋಲನ ಸಂಖ್ಯೆ 1. ಅದು ಇಮ್ಮಡಿಯಾದರೆ 2. ಸಂಖ್ಯೆ 2 ಇರುವ ಆಲೂಗಡ್ಡೆಗಳೊಂದಿಗೆ ಆಗ ಅದು ಹೂವಿನ ಮೂಲಕವೇ ಸಂಕರವಾಗಬಲ್ಲದು. ಬೆಸುಗೆಯೂ ಬೇಡ, ಜೀನ್ ಸಾಗಣೆಯೂ ಬೇಡ, ಎಲೆತುಂಡಿನಿಂದ ಒಂದು ಚಿಗುರು ಬಂದರೆ ಸಾಕು. ಹಣವೂ ಉಪಕರಣಗಳೂ ಕಡಿಮೆ ಇರುವ ಪ್ರಯೋಗಾಲಯಗಳು ಈ ಸಾಧಾರಣ ದಾರಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯಬೇಕೆಂದು ನನಗನ್ನಿಸುತ್ತದೆ.

ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದ ಮೇಲೆ ಈ ಬಾಗಿಲಿನ ಮೇಲಿನ ಒತ್ತಡ ಇನ್ನಷ್ಟು ಹೆಚ್ಚಿದೆ. ಡಿಎನ್‌ಎ ಕತ್ತರಿಸುವ ಪ್ರೋಟೀನ್ ಎಂಬ ಅದರ ಕತ್ತರಿಯನ್ನು ಕೋಶದೊಳಗೆ ಕಳುಹಿಸಲು ಸಾಮಾನ್ಯವಾಗಿ ಆಗ್ರೊಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾದ ಮೂಲಕ ಹೊರಗಿನ ಡಿಎನ್‌ಎ ಸೇರಿಸುತ್ತಾರೆ. ಭತ್ತ, ಟೊಮ್ಯಾಟೊಗಳಲ್ಲಿ ಕೆಲಸ ಮುಗಿದ ಮೇಲೆ ಮುಂದಿನ ಪೀಳಿಗೆಯಲ್ಲಿ ಆ ಡಿಎನ್‌ಎಯನ್ನು ಬೇರ್ಪಡಿಸಿ ಬಿಟ್ಟುಬಿಡಬಹುದು. ಹೊಲದ ಆಲೂಗಡ್ಡೆಯಲ್ಲಿ ನಾಲ್ಕು ಪ್ರತಿ ವರ್ಣತಂತುಗಳು. ಒಮ್ಮೆ ಬೀಜದ ಪೀಳಿಗೆಗೆ ಹೋದರೆ ಆ ತಳಿಯೇ ಕಲಸಿ ಹೋಗುತ್ತದೆ. ಹೀಗಾಗಿ ಹೊರಗಿನ ಡಿಎನ್‌ಎ ಇಲ್ಲದೆ, ಕತ್ತರಿಯ ಪ್ರೋಟೀನನ್ನೇ ಪ್ರೊಟೊಪ್ಲಾಸ್ಟ್‌ಗೆ ಕೊಡುವ ವಿಧಾನ ಆಕರ್ಷಕವಾಗಿದೆ. ಆದರೆ ಪ್ರೊಟೊಪ್ಲಾಸ್ಟ್‌ನಿಂದ ಗಿಡ ಪಡೆಯುವುದೇ ಎಲ್ಲಕ್ಕಿಂತ ಕಷ್ಟ, ಏರುಪೇರಿನ ಅಪಾಯವೂ ಅಲ್ಲಿಯೇ ಹೆಚ್ಚು. ಇನ್ನೊಂದು ಪ್ರಯತ್ನ ಆಲೂಗಡ್ಡೆಯನ್ನು 24 ವರ್ಣತಂತುಗಳ, ಬೀಜದಿಂದ ಬೆಳೆಯುವ ಬೆಳೆಯನ್ನಾಗಿಸುವುದು. ಅದಕ್ಕೆ ಬೇಕಾದ, ತನ್ನದೇ ಪರಾಗವನ್ನು ಒಪ್ಪುವ ಗುಣ ಸಿಕ್ಕದ್ದು ಕಾಡಿನ ಚಾಕೊಯೆನ್ಸ್‌ನಲ್ಲಿ. 2011ರಲ್ಲಿ ಪ್ರಕಟವಾದ ಮೊದಲ ಆಲೂಗಡ್ಡೆ ಜೀನೋಮ್ ಕೂಡ ಪರಾಗಕೋಶದ ಅಂಗಾಂಶ ಕೃಷಿಯಿಂದ ಹುಟ್ಟಿದ ಗಿಡದ್ದೇ. 39,031 ಜೀನ್‌ಗಳ ಆ ಪಟ್ಟಿಯನ್ನು ಎಲ್ಲರೂ ಬಲ್ಲರು, ಅದರ ಹಿಂದಿನ ಬಾಟಲಿಯನ್ನು ನೆನೆಯುವವರು ಕಡಿಮೆ.

ಭರವಸೆ ಹುಟ್ಟಿಸುವ ಸಂಗತಿಗಳೂ ಇವೆ. ಭ್ರೂಣ ಮತ್ತು ಚಿಗುರಿನ ಬೆಳವಣಿಗೆಯನ್ನು ನಡೆಸುವ ಕೆಲವು ಜೀನ್‌ಗಳನ್ನು ಸ್ವಲ್ಪ ಕಾಲ ಹೆಚ್ಚು ದುಡಿಸಿದರೆ ಮೊಂಡು ಗಿಡಗಳೂ ಚಿಗುರುತ್ತವೆಂದು 2016ರಲ್ಲಿ ಮೆಕ್ಕೆಜೋಳದಲ್ಲಿ, 2020ರಲ್ಲಿ ಗೋಧಿಯಲ್ಲಿ ತೋರಿಸಿದರು. 2024ರಲ್ಲಿ ಚೀನಾದ ತಂಡವೊಂದು ಟೊಮ್ಯಾಟೊದಲ್ಲಿ ಗಾಯದ ಸಂಕೇತವಾಗಿ ಕೆಲಸ ಮಾಡುವ 'ರೆಫ್1' ಎಂಬ ಪುಟ್ಟ ಪೆಪ್ಟೈಡನ್ನು, ಎಂದರೆ ಪ್ರೋಟೀನಿನಂಥದೇ ಕಿರುಸರಪಳಿಯನ್ನು, ಗುರುತಿಸಿತು. ಅದನ್ನು ಮಾಧ್ಯಮಕ್ಕೆ ಬೆರೆಸಿದಾಗ, ಸುಲಭಕ್ಕೆ ಚಿಗುರದ ಕಾಡು ಟೊಮ್ಯಾಟೊಗಳೂ ಚಿಗುರಿದವು. ಟೊಮ್ಯಾಟೊ ಆಲೂಗಡ್ಡೆಯ ಸೋದರ ಸಂಬಂಧಿ. ಹೊರಗಿನ ಜೀನ್ ಸೇರಿಸದೆ, ಬಾಟಲಿಗೆ ಬೆರೆಸುವ ವಸ್ತುವಿನಿಂದಲೇ ಕೆಲಸವಾಗುವುದಾದರೆ ಕಾಡು ಆಲೂಗಡ್ಡೆಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದನ್ನು ಒಂದೆರಡು ಒಲಿಯುವ ಗಿಡಗಳಲ್ಲಲ್ಲ, ಹಲವು ಜಾತಿಗಳ ಹತ್ತಾರು ಗಿಡಗಳಲ್ಲಿ ಪರೀಕ್ಷಿಸಬೇಕು.

ಗಿಡ ಸಿಕ್ಕ ಮಾತ್ರಕ್ಕೆ ಬೆಳೆ ಸಿಕ್ಕಂತಲ್ಲ ಎಂಬುದನ್ನೂ ಮರೆಯಬಾರದು. ಅಮೆರಿಕದಲ್ಲಿ 1967ರಲ್ಲಿ ಬಿಡುಗಡೆಯಾದ 'ಲೆನಾಪೆ' ತಳಿಯ ಪೂರ್ವಜರಲ್ಲಿ ಚಾಕೊಯೆನ್ಸ್ ಇತ್ತು. ಚಿಪ್ಸ್‌ಗೆ ಬಹಳ ಚೆನ್ನಾಗಿದ್ದ ಆ ಗೆಡ್ಡೆಯಲ್ಲಿ ವಿಷಕಾರಿ ಗ್ಲೈಕೊಆಲ್ಕಲಾಯ್ಡ್‌ಗಳು ಮಿತಿಮೀರಿದ್ದರಿಂದ 1970ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೀಟವನ್ನು ಓಡಿಸುವ ಎಲೆಯ ಕಹಿಯೇ ಗೆಡ್ಡೆಗೂ ಇಳಿಯಬಹುದು. ಬೆಸುಗೆಯಲ್ಲಿ ಕಾಡುಗಿಡದ ಎಲ್ಲ ಜೀನ್‌ಗಳೂ ಒಟ್ಟಿಗೆ ಬರುವುದರಿಂದ ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇದಕ್ಕೆಲ್ಲ ಕಾಲ ಅಪಾರವಾಗಿಲ್ಲ. ಆಲೂಗಡ್ಡೆ, ನೆಲಗಡಲೆ, ಅಲಸಂದೆಗಳ ಕಾಡುಬಂಧುಗಳಲ್ಲಿ 16ರಿಂದ 22 ಪ್ರತಿಶತ ಜಾತಿಗಳು 2055ರ ಹೊತ್ತಿಗೆ ಹವಾಮಾನ ಬದಲಾವಣೆಯಿಂದ ಅಳಿಯಬಹುದೆಂದು 2008ರ ಅಧ್ಯಯನವೊಂದು ಅಂದಾಜಿಸಿತು. 2015ರ ಇನ್ನೊಂದು ಅಧ್ಯಯನ 73 ಕಾಡು ಆಲೂಗಡ್ಡೆ ಜಾತಿಗಳನ್ನು ಪರಿಶೀಲಿಸಿ, 32 ಜಾತಿಗಳ ಸಂಗ್ರಹ ತುರ್ತಾಗಿ ಆಗಬೇಕೆಂದಿತು. ಪೆರುವಿನ ಲಿಮಾದಲ್ಲಿ 1971ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸಾವಿರಾರು ಆಲೂಗಡ್ಡೆಗಳನ್ನು ಬಾಟಲಿಗಳಲ್ಲಿ ಜೀವಂತವಾಗಿ ಕಾಪಾಡುತ್ತಿದೆ, ಚಿಗುರ ತುದಿಗಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಟ್ಟಿದೆ. ಪೆರುವಿನದೇ ಪಿಸಾಕ್ ಊರಿನ ಬಳಿಯ 'ಆಲೂಗಡ್ಡೆ ಉದ್ಯಾನ'ದ ಸಮುದಾಯಗಳಿಗೆ ಅವರದೇ ಹಳೆಯ ತಳಿಗಳನ್ನು ರೋಗಮುಕ್ತವಾಗಿಸಿ ಮರಳಿಸಿದ್ದೂ ಅದೇ ಕೇಂದ್ರ. ಈ ಗಿಡಗಳನ್ನು ಸಾವಿರಾರು ವರ್ಷ ಪೊರೆದ ಆಂಡೀಸ್ ಜನರ ಋಣವನ್ನು ಬರಿಯ ಕೃತಜ್ಞತೆಯ ಮಾತಿನಲ್ಲಿ ತೀರಿಸುವಂತಿಲ್ಲ. ಕೈಗೆ ಸಿಕ್ಕ ವಿಧಾನವೂ ಬಂದ ಗಿಡವೂ ಅವರಿಗೆ ಮುಕ್ತವಾಗಿ ತಲುಪಬೇಕು.

ಜೀನ್ ಬ್ಯಾಂಕಿನ ಕಾಡುಗಿಡದ ದಾಖಲೆಯಲ್ಲಿ ಅದನ್ನು ಎಲ್ಲಿ, ಎಷ್ಟು ಎತ್ತರದಲ್ಲಿ ಸಂಗ್ರಹಿಸಿದರು, ಯಾವ ರೋಗಕ್ಕೆ ಬಗ್ಗುವುದಿಲ್ಲ ಎಂಬ ವಿವರಗಳಿರುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಕಲಮು ಬೇಕೆಂಬುದು ನನ್ನ ಒತ್ತಾಯ. ಎಷ್ಟು ಬೀಜಗಳಿಂದ ಬಂದ ಎಷ್ಟು ಗಿಡಗಳನ್ನು ಪರೀಕ್ಷಿಸಿದರು, ಯಾವ ಮಾಧ್ಯಮದ ಮೇಲೆ ಎಷ್ಟು ಎಲೆತುಂಡು ಇಟ್ಟರು, ಎಷ್ಟು ದಿನ ಕಾದರು, ಚಿಗುರಿದವುಗಳಲ್ಲಿ ವರ್ಣತಂತುಗಳ ಸಂಖ್ಯೆ ಎಷ್ಟಿತ್ತು ಎಂಬುದು ಅಲ್ಲಿ ಬರಬೇಕು. ಒಂದೂ ಚಿಗುರದಿದ್ದರೆ ಅದನ್ನೂ ಅಷ್ಟೇ ವಿವರವಾಗಿ ಬರೆಯಬೇಕು. ಈಗ ಆ ವಿಫಲ ಬಾಟಲಿಗಳು ಪ್ರಕಟಣೆ ಕಾಣದೆ ತೊಳೆಯುವ ತೊಟ್ಟಿಗೆ ಹೋಗುತ್ತಿವೆ, ಮತ್ತೊಂದು ದೇಶದ ಮತ್ತೊಬ್ಬ ವಿದ್ಯಾರ್ಥಿ ಅದೇ ಗಿಡದ ಎಲೆಯನ್ನು ಅದೇ ಮಾಧ್ಯಮದ ಮೇಲಿಟ್ಟು ಮೊದಲಿನಿಂದ ಕಾಯುತ್ತಿದ್ದಾನೆ.